ಅಟ್ಟದ ಲ್ಯಾಪ್‌ಟಾಪಿಗೆ ಡೆಬಿಯನ್: ಇಲ್ಲಿಯವರೆಗೆ

ಮೊದಲ ಭಾನುವಾರ

ಲಾಕ್‌ಡೌನಿನಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆಂದು ಸೆಕೆಂಡ್‌ಹ್ಯಾಂಡ್ ತಂದಿದ್ದ ಲ್ಯಾಪ್‌ಟಾಪನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದೆ. ಇಂಟೆಲ್ ಆಟಮ್ ಝಡ್3735ಎಫ್ ಚಿಪ್, 2 ಜಿಬಿ ರ್‍ಯಾಮ್, 32 ಜಿಬಿ ಇಎಂಎಂಸಿ (ಡಿಸ್ಕಿನ ಬದಲು ಇರುವ ಸ್ಟೋರೇಜ್ ಚಿಪ್). ಎಲ್ಲವೂ ಬೋರ್ಡಿಗೇ ಬೆಸೆದದ್ದು, ಬದಲಾಯಿಸುವ ಮಾತೇ ಇಲ್ಲ. ಅದರಲ್ಲಿದ್ದ ವಿಂಡೋಸ್ 10, ಅಪ್‌ಡೇಟಿಗೆ ಜಾಗ ಇಲ್ಲ ಎಂದು ದಿನಾ ಗೋಳಾಡುತ್ತಿತ್ತು. ಅಪ್ಪನಿಗೆ ಕನ್ನಡ ಟೈಪ್ ಮಾಡಲು ಒಂದು ಯಂತ್ರ ಬೇಕು. ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಇದನ್ನೇ ನೋಡೋಣ ಅನ್ನಿಸಿತು.

ವಿಂಡೋಸ್ ಬದಲು ಲಿನಕ್ಸ್ ಹಾಕೋಣವೆಂದು, ಅದನ್ನು ತುಂಬಿದ ಪೆನ್‌ಡ್ರೈವ್ ಚುಚ್ಚಿದರೆ ಬೂಟ್ ಮೆನುವಿನಲ್ಲಿ ಕಾಣುವುದೇ ಇಲ್ಲ! ಪೆನ್‌ಡ್ರೈವ್ ಬದಲಾಯಿಸಿದೆ, ಪೋರ್ಟ್ ಬದಲಾಯಿಸಿದೆ, ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಮಧ್ಯಾಹ್ನ ಪೂರ್ತಿ ಹೋಯಿತು.

ಅದೇ ರಾತ್ರಿ

ಕಾರಣ ಸಿಕ್ಕಿತು. ಚಿಪ್ 64 ಬಿಟ್, ಆದರೆ ಆನ್ ಮಾಡಿದಾಗ ಅದನ್ನು ಎಬ್ಬಿಸುವ ಒಳತಂತ್ರಾಂಶ ಯುಇಎಫ್‌ಐ 32 ಬಿಟ್. ಮನೆ ದೊಡ್ಡದು, ಬಾಗಿಲು ಗಿಡ್ಡ. ಇದು ಹುಡುಕುವುದು 'ಬೂಟ್‌ಐಎ32.ಇಎಫ್‌ಐ' ಎಂಬ ಫೈಲನ್ನು. ನಾನು ಹಾಕಿದ್ದ ಪೆನ್‌ಡ್ರೈವಿನಲ್ಲಿ 64 ಬಿಟ್‌ನ ಫೈಲ್ ಮಾತ್ರ ಇತ್ತು. ಮಧ್ಯಾಹ್ನ ಬೈದದ್ದೆಲ್ಲ ಪೆನ್‌ಡ್ರೈವಿಗೆ, ಪಾಪ. ಲಿನಕ್ಸಿನದೇ ಒಂದು ಬಗೆಯಾದ ಡೆಬಿಯನ್ 12ರ ಮಾಮೂಲಿ 64 ಬಿಟ್ ಇಮೇಜಿನಲ್ಲಿ ಎರಡೂ ಇವೆ. ಅದನ್ನು ಹಾಕಿದೆ, ಒಂದೇ ಸಲಕ್ಕೆ ಎದ್ದಿತು.

ಎರಡನೇ ಭಾನುವಾರ

ಮಗಳ ಹಳೇ ಫೋಟೋಗಳನ್ನು ತೆಗೆದಿಟ್ಟುಕೊಂಡು ಪೂರ್ತಿ ಅಳಿಸಿದೆ. ಇನ್‌ಸ್ಟಾಲರಿನಲ್ಲಿ 'ಎಸ್‌ಡಿಎ' (ಡಿಸ್ಕಿಗೆ ಲಿನಕ್ಸ್ ಕೊಡುವ ಮಾಮೂಲಿ ಹೆಸರು) ಹುಡುಕಿ, ಕಾಣದೆ ಒಂದು ಕ್ಷಣ ಗಾಬರಿಯಾದೆ. ಇಎಂಎಂಸಿ ಇಲ್ಲಿ 'ಎಂಎಂಸಿಬಿಎಲ್‌ಕೆ0' ಎಂಬ ಹೆಸರಲ್ಲಿ ಕೂತಿರುತ್ತದೆ. ಡೆಸ್ಕ್‌ಟಾಪಿಗೆ ಹಗುರವಾದ ಎಲ್‌ಎಕ್ಸ್‌ಕ್ಯೂಟಿ ಆರಿಸಿದೆ. ರಿಯಲ್‌ಟೆಕ್ ವೈಫೈ ತಾನಾಗಿಯೇ ಬಂತು. 2022ರಲ್ಲಿ ಡೆಬಿಯನ್‌ನವರು ವೋಟು ಹಾಕಿ, ಫರ್ಮ್‌ವೇರನ್ನೂ (ವೈಫೈಯಂಥ ಬಿಡಿಭಾಗಗಳನ್ನು ನಡೆಸುವ ಪುಟ್ಟ ತಂತ್ರಾಂಶ) ಇನ್‌ಸ್ಟಾಲರಿನಲ್ಲೇ ಕೊಡಲು ಒಪ್ಪಿದ್ದರ ಫಲ ಇದು. ನಿಮ್ಮಲ್ಲಿ ಬರದಿದ್ದರೆ ಮೊಬೈಲನ್ನು ಕೇಬಲ್ಲಿಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಸಾಕು.

ಆನ್ ಆದಾಗ 400 ಎಂಬಿ ಚಿಲ್ಲರೆ ರ್‍ಯಾಮ್ ಖರ್ಚು. ಆದರೆ ಫೈರ್‌ಫಾಕ್ಸಿನಲ್ಲಿ ನಾಲ್ಕನೇ ಟ್ಯಾಬ್ ತೆರೆದರೆ ಉಸಿರುಗಟ್ಟುತ್ತದೆ. 'ಝಡ್‌ರ್‍ಯಾಮ್-ಟೂಲ್ಸ್' ಹಾಕಿ, ಅದರ ಸೆಟ್ಟಿಂಗ್ ಫೈಲಿನಲ್ಲಿ ಪರ್ಸೆಂಟ್ 60, ಆಲ್ಗೊ (ಒತ್ತುವ ವಿಧಾನ) ಝಡ್‌ಎಸ್‌ಟಿಡಿ ಎಂದು ಬರೆದೆ. ಇದು ರ್‍ಯಾಮಿನಲ್ಲಿ ಇರುವುದನ್ನೇ ಒತ್ತಿ ಮಡಚಿಡುತ್ತದೆ. ನಿಧಾನದ ಇಎಂಎಂಸಿಗೆ ಸ್ವಾಪ್ ಮಾಡುವುದಕ್ಕಿಂತ (ತುಂಬಿದ ರ್‍ಯಾಮಿನಿಂದ ಅಲ್ಲಿಗೆ ಸಾಗಿಸುವುದಕ್ಕಿಂತ) ಎಷ್ಟೋ ವಾಸಿ. ಈಗ ಏಳೆಂಟು ಟ್ಯಾಬ್ ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಕೇಳುವುದು ಅನ್ಯಾಯ.

ಬುಧವಾರ ಸಂಜೆ

ಕನ್ನಡದ ಸರದಿ. ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಿಸುವ ಐಬಸ್, ಅದರ ಎಂ17ಎನ್ ಪ್ಯಾಕೇಜ್ ಹಾಕಿ 'ಕೆಜಿಪಿ' ವಿನ್ಯಾಸ ಆರಿಸಿದೆ. ಕೆ.ಪಿ. ರಾವ್ ಅವರ ಕೀಲಿಮಣೆ, ಕನ್ನಡ ಗಣಕ ಪರಿಷತ್ತಿನ ಟೈಪಿಂಗ್ ತಂತ್ರಾಂಶ 'ನುಡಿ'ಯಲ್ಲಿ ಇರುವುದೂ ಅದೇ. ಅಪ್ಪ ಎರಡು ಸಾಲು ಕುಟ್ಟಿ, "ಇದು ನುಡಿ ಥರಾನೇ ಇದೆಯಲ್ಲೋ" ಅಂದರು. ವಿಂಡೋಸ್ ಹೋದದ್ದು ಅವರ ಗಮನಕ್ಕೇ ಬಂದಿಲ್ಲ.

ಖುಷಿ ಹತ್ತು ನಿಮಿಷವೂ ಉಳಿಯಲಿಲ್ಲ. ಅಪ್ಪನ ಹಳೇ ಫೈಲುಗಳೆಲ್ಲ ಯೂನಿಕೋಡ್ (ಈಗ ಎಲ್ಲೆಡೆ ನಡೆಯುವ ಅಕ್ಷರ ಸಂಕೇತ) ಅಲ್ಲ, ನುಡಿಯ ಹಳೇ ಫಾಂಟಿನವು. ಲಿಬ್ರೆಆಫೀಸಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆ ಫಾಂಟುಗಳಲ್ಲಿ ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು, ಅಲ್ವಾ? ಪರಿವರ್ತಕದಲ್ಲಿ ಹಾಕಿದರೆ ಬಹುಪಾಲು ಸರಿ ಬರುತ್ತದೆ. ಅರ್ಕಾವೊತ್ತಿನ ಹತ್ತಿರ ಮಾತ್ರ ಎಡವುತ್ತದೆ. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು. ನಿನ್ನೆ ಒಂದು ಫೈಲಿನಲ್ಲಿ 'ಸೂರ್ಯ' ಹುಡುಕಿ ಹುಡುಕಿ ತಿದ್ದಿದೆ. ಅಂಥ 140 ಫೈಲುಗಳಿವೆ. ಪೈಥಾನಿನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ.

ಬಾಕಿ ಇರುವುದು ಸ್ಪೀಕರ್. ಹೆಡ್‌ಫೋನಿನಲ್ಲಿ ಸದ್ದು ಬರುತ್ತದೆ, ಸ್ಪೀಕರಿನಲ್ಲಿ ಇಲ್ಲ. ಅಪ್ಪ ಕೇಳಿದರೆ, "ಟೈಪ್ ಮಾಡೋಕೆ ಸದ್ದು ಯಾಕೆ" ಎಂದು ಸದ್ಯಕ್ಕೆ ತಪ್ಪಿಸಿಕೊಳ್ಳುತ್ತಿದ್ದೇನೆ.