ಫೊಂಟೇನ್ಯಾಸ್‌ನ ಮೂಲೆ ಕೋಣೆಯಲ್ಲಿ ಎರಡು ರಾತ್ರಿ

ಪಣಜಿಯ ಫೊಂಟೇನ್ಯಾಸ್ ಬಡಾವಣೆಯಲ್ಲಿ ಪೋರ್ಚುಗೀಸರ ಕಾಲದ ಮನೆಯೊಂದು ಈಗ ಹೋಟೆಲಾಗಿದ್ದು, ಅದರ ಮಹಡಿಯ ಮೂಲೆ ಕೋಣೆಯಲ್ಲಿ ರಾತ್ರಿ ಹೊತ್ತು ಮುದುಕಿಯೊಬ್ಬಳು ಊರುಗೋಲು ಊರಿಕೊಂಡು ಓಡಾಡುತ್ತಾಳೆಂಬ ಮಾತಿದೆ. ವಾಸ್ಕೋದಲ್ಲಿ ನೆಲೆಸಿರುವ ನನ್ನ ಷಡ್ಡಕರು ಇದನ್ನು ಹೇಳಿದ ದಿನದಿಂದ ಹೆಂಡತಿ ಅದೇ ಕೋಣೆ ಬೇಕೆಂದು ಹಟ ಹಿಡಿದಿದ್ದಳು. ಡಿಸೆಂಬರಿನ ಮೊದಲ ವಾರ ಧಾರವಾಡದಿಂದ ಹೋಗಿ ಎರಡು ರಾತ್ರಿ ಅಲ್ಲಿಯೇ ಮಲಗಿ ಬಂದೆವು. ಮಾಲೀಕರಿಗೆ ಆ ಮಾತು ಅಷ್ಟೇನೂ ಹಿಡಿಸದ ಕಾರಣ ಹೋಟೆಲಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಕೋಣೆ ಕಾದಿರಿಸುವಾಗ ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಸುಮ್ಮನಾಗದೆ, ಫೋನು ಮಾಡಿ ಯಾವ ಕೋಣೆ ಎಂಬುದನ್ನು ಬಾಯಿಬಿಟ್ಟು ಕೇಳಿರಿ. ನಾವು ಹಾಗೆ ಮಾಡದೆ ಹೋಗಿದ್ದರಿಂದ ಮೊದಲು ಹಿಂಬದಿಯ ಹೊಸ ಕಟ್ಟಡದ ಕೋಣೆಯೊಂದನ್ನು ತೋರಿಸಿದರು, ಅದನ್ನು ಬದಲಾಯಿಸಿಕೊಳ್ಳಲು ಒಂದು ತಾಸು ಹಿಡಿಯಿತು. ದೆವ್ವದ ಹೆಸರೆತ್ತುವ ಬದಲು "ಮಹಡಿಯ ಹಳೆಯ ಮೂಲೆ ಕೋಣೆ" ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ. ಮರದ ಮೆಟ್ಟಿಲು ಕಡಿದಾಗಿದ್ದು ಲಿಫ್ಟ್ ಇಲ್ಲದ ಕಾರಣ ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರು ಎರಡು ಸಲ ಯೋಚಿಸಬೇಕು. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಬಾಡಿಗೆ ಏರುವುದರಿಂದ ಆ ವಾರವನ್ನು ಬಿಟ್ಟುಬಿಡುವುದೇ ಲೇಸು.

ಧಾರವಾಡದ ಕಡೆಯಿಂದ ಪಣಜಿಗೆ ಬಸ್ಸೇ ಅನುಕೂಲ. ಪಾಟ್ಟೊದಲ್ಲಿರುವ ಕದಂಬ ಬಸ್ ನಿಲ್ದಾಣದಲ್ಲಿ ಇಳಿದು ಓರೆಮ್ ಹಳ್ಳ ದಾಟಿದರೆ ನಡೆದೇ ಬಡಾವಣೆ ಸೇರಬಹುದು. ಕಾರಿನಲ್ಲಿ ಬರುವವರು ಅದನ್ನು ಪಾಟ್ಟೊ ಕಡೆಯಲ್ಲೇ ನಿಲ್ಲಿಸಿ ಬರಲಿ, ಏಕೆಂದರೆ ಒಳಗಿನ ಓಣಿಗಳಲ್ಲಿ ಎದುರಿಗೊಂದು ಸ್ಕೂಟರ್ ಬಂದರೂ ಹಿಂದೆ ಸರಿಯಬೇಕಾಗುತ್ತದೆ.

ಆಲ್ಟಿನ್ಹೊ ಗುಡ್ಡದ ಬುಡದ ಚಿಲುಮೆಯಿಂದ ಹೆಸರು ಪಡೆದ ಈ ಬಡಾವಣೆ ಒಂದು ಕಾಲಕ್ಕೆ ತೆಂಗಿನ ತೋಟವಾಗಿತ್ತು. ಸಾಂಕ್ರಾಮಿಕ ರೋಗಗಳಿಂದ ಹಳೆ ಗೋವಾ ಬರಿದಾಗಿ, 1843ರಲ್ಲಿ ಪಣಜಿಯೇ ಅಧಿಕೃತ ರಾಜಧಾನಿಯಾಯಿತು. ಬಡಾವಣೆಯ ಸೇಂಟ್ ಸೆಬಾಸ್ಟಿಯನ್ ಪ್ರಾರ್ಥನಾ ಮಂದಿರದಲ್ಲಿರುವ ದೊಡ್ಡ ಶಿಲುಬೆ ಹಿಂದೆ ಹಳೆ ಗೋವಾದ ಇನ್‌ಕ್ವಿಸಿಷನ್ (ಧರ್ಮ ತಪ್ಪಿದವರೆಂದು ಆರೋಪ ಹೊತ್ತವರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಚರ್ಚಿನ ನ್ಯಾಯಾಲಯ) ಅರಮನೆಯಲ್ಲಿತ್ತು. ಅದರ ಮೇಲಿನ ಕ್ರಿಸ್ತನು ತಲೆ ಬಾಗಿಸದೆ, ಕಣ್ಣು ತೆರೆದೇ ನೋಡುತ್ತಾನೆ. ನನ್ನನ್ನು ಕೇಳಿದರೆ ಮೂಲೆ ಕೋಣೆಗಿಂತ ಆ ಕಣ್ಣುಗಳೇ ಹೆಚ್ಚು ಮೈ ಜುಮ್ಮೆನಿಸುವಂಥವು. ಓಣಿಯ ಬಣ್ಣದ ಮನೆಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ಅವರ ಜಗಲಿಯ ಮೇಲೆ ಕುಳಿತು ಫೋಟೊ ತೆಗೆಸಿಕೊಳ್ಳುವುದು ಮರ್ಯಾದೆಯಲ್ಲ, ಬೇಡವೆಂದು ಹಲವರು ಫಲಕವನ್ನೂ ಹಾಕಿದ್ದಾರೆ.

ಇನ್ನು ರಾತ್ರಿಯ ಮಾತು. ಕೋಣೆಯಲ್ಲಿ ನಾಲ್ಕು ಕಂಬದ ಮಂಚ, ಹಲಗೆಯ ನೆಲ, ಗಾಜಿನ ಬದಲು ಚಿಪ್ಪಿನ ತೆಳು ಬಿಲ್ಲೆಗಳನ್ನು ಮರದ ಚೌಕಟ್ಟಿಗೆ ಕೂಡಿಸಿದ ಕಿಟಕಿಗಳು ಇದ್ದವು. ಬೀದಿದೀಪದ ಬೆಳಕು ಆ ಚಿಪ್ಪುಗಳ ಮೂಲಕ ಹಾಲಿನಂತೆ ಒಳಗೆ ಬರುತ್ತದೆಯೇ ಹೊರತು ಹೊರಗಿರುವುದು ಏನೂ ಕಾಣುವುದಿಲ್ಲ. ಎರಡು ಗಂಟೆಯ ಸುಮಾರಿಗೆ ಟಕ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್ ಎಂಬ ಸದ್ದು ಕೇಳಿ ಎಚ್ಚರವಾಯಿತು. ಹಟ ಮಾಡಿ ಬಂದಿದ್ದ ಹೆಂಡತಿ ಹೊದಿಕೆಯೊಳಗಿನಿಂದಲೇ ನನ್ನ ರಟ್ಟೆ ಹಿಡಿದಳು. ಮೊಬೈಲಿನ ಬೆಳಕು ಹಾಕಿಕೊಂಡು ಹೋಗಿ ನೋಡಿದರೆ, ಕಿಟಕಿಯ ಅಗುಳಿ ಸಡಿಲವಾಗಿ, ಹಳ್ಳದ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಬಾಗಿಲು ಚೌಕಟ್ಟಿಗೆ ಬಡಿಯುತ್ತಿತ್ತು. ಕೆಳಗೆ ನೆಲದ ಮೇಲೆ ನಾಲ್ಕು ಮಡಿಕೆ ಮಾಡಿದ ಬಸ್ ಟಿಕೆಟೊಂದು ಬಿದ್ದಿತ್ತು. ನಮಗಿಂತ ಮೊದಲು ತಂಗಿದ್ದ ಯಾರೋ ಅದನ್ನು ಸಂದಿಗೆ ಸಿಕ್ಕಿಸಿರಬೇಕು. ಮತ್ತೆ ಅಲ್ಲಿಯೇ ಒತ್ತಿ ಸಿಕ್ಕಿಸಿದೆ, ಮುದುಕಿ ನಿಂತಳು.

ಆದರೆ ಹಂಚಿನ ಮೇಲಿನ ಹೆಜ್ಜೆ ಸದ್ದು ನಿಲ್ಲಲಿಲ್ಲ. ಬೆಳಿಗ್ಗೆ ಚಹಾ ತಂದ ಹುಡುಗ ಬಾದಾಮಿ ಕಡೆಯವನೆಂದು ತಿಳಿದು ಕೇಳಿದಾಗ, "ದೆವ್ವ ಎಲ್ಲೈತ್ರೀ ಸರ, ಮರಬೆಕ್ಕು ಅದು, ದಿನಾ ಅಡ್ಡಾಡತೈತಿ. ಮಳಿಗಾಲ್ದಾಗ ಬರ್ರಿ, ಕಿಟಕಿ ಉಬ್ಬಿ ಗಟ್ಟಿ ಕುಂದರತಾವ, ಸಪ್ಪಳಾನ ಇರಂಗಿಲ್ಲ" ಎಂದ. ಅವನ ಮಾತಿನಲ್ಲಿ ಹುರುಳಿದೆ: ಮಳೆಗಾಲದಲ್ಲಿ ನೀರು ಹೀರಿ ಉಬ್ಬಿದ ಮರ ಚಳಿಗಾಲದ ಒಣ ಹವೆಗೆ ಕುಗ್ಗುತ್ತದೆ, ಹಗಲಿನ ಬಿಸಿಲಿಗೆ ಕಾದ ತೊಲೆ ಮತ್ತು ಹಲಗೆಗಳು ರಾತ್ರಿ ತಣ್ಣಗಾಗುತ್ತ ಕಿರುಗುಟ್ಟುತ್ತವೆ. ಹೀಗಾಗಿ ನಿದ್ದೆ ಬೇಕಾದವರು ಜುಲೈಯಲ್ಲಿಯೂ, ಮುದುಕಿ ಬೇಕಾದವರು ಡಿಸೆಂಬರ್–ಜನವರಿಯಲ್ಲಿಯೂ ಹೋಗಬಹುದು. ಮಳೆಗಾಲಕ್ಕಾದರೆ ನೆಲಮಾಳಿಗೆಯಂತೆ ತೇವ ಹಿಡಿಯುವ ಕೆಳಗಿನ ಕೋಣೆಗಳನ್ನು ತೆಗೆದುಕೊಳ್ಳಬೇಡಿ.

ಮರುದಿನ ತಪ್ಪದೆ ಮಾಂಡೋವಿ ದಡದ ಹಳೆಯ ಸಚಿವಾಲಯದವರೆಗೆ ನಡೆದು ಹೋಗಿರಿ. ಆದಿಲ್ ಶಾಹಿ ಅರಮನೆಯಾಗಿದ್ದ ಆ ಕಟ್ಟಡದ ಪಕ್ಕದಲ್ಲಿ, ಮಲಗಿದ ಹೆಂಗಸಿನ ಮೇಲೆ ಕೈಚಾಚಿ ನಿಂತ ನಿಲುವಂಗಿಯ ವ್ಯಕ್ತಿಯ ಪ್ರತಿಮೆಯೊಂದಿದೆ. ದೂರದಿಂದ ನೋಡಿದರೆ ಯಾರೋ ಮಾಟಗಾರನೆನಿಸುತ್ತದೆ. ಆತ 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಪಾದ್ರಿ ಅಬೆ ಫಾರಿಯಾ. ಸಮ್ಮೋಹನದ ನಿದ್ದೆ ಬರುವುದು ನಿದ್ದೆ ಬರಿಸುವವನ ಯಾವುದೋ ಶಕ್ತಿಯಿಂದಲ್ಲ, ಅದಕ್ಕೆ ಒಳಗಾಗುವವನ ಸ್ವಂತ ಮನಸ್ಸಿನಿಂದ ಎಂದು ವಾದಿಸಿದವನು. ನಮ್ಮ ಷಡ್ಡಕರು ಕಥೆ ಹೇಳದೆ ಇದ್ದಿದ್ದರೆ ಆ ಟಕ್ ಸದ್ದಿಗೆ ನಾವು ಮಗ್ಗುಲು ಬದಲಿಸಿ ಮಲಗುತ್ತಿದ್ದೆವೆಂದು ಹೆಂಡತಿ ಆ ಪ್ರತಿಮೆಯ ಮುಂದೆ ಒಪ್ಪಿಕೊಂಡಳು. ಮಕ್ಕಳನ್ನು ಕರೆದುಕೊಂಡು ಹೋಗುವವರು ಕಥೆಯನ್ನು ಕೋಣೆ ಬಿಟ್ಟ ಮೇಲೆ ಹೇಳಲಿ.

ಆ ಕೋಣೆಯೇ ನಿಮಗೆ ಸಿಕ್ಕಿದರೆ ಒಂದು ಕೋರಿಕೆ: ಎಡಗಡೆಯ ಕಿಟಕಿಯ ಸಂದಿಯಲ್ಲಿರುವ ಬಸ್ ಟಿಕೆಟನ್ನು ಕಸವೆಂದು ತೆಗೆದು ಬಿಸಾಡಬೇಡಿ.