ಕಷ್ಟಕಾಲದಲ್ಲಿ ಕೆಲಸಗಾರರ ಹುರುಪು: ಕೇಳಿದವರಿಗೆಲ್ಲ ನನ್ನ ಉತ್ತರ

ಶಿವಮೊಗ್ಗ ಬಳಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಲಾರಿ, ಟ್ರ್ಯಾಕ್ಟರುಗಳ ಕಾಸ್ಟಿಂಗ್‌ಗಳಿಗೆ (ಎರಕ ಹೊಯ್ದ ಬಿಡಿಭಾಗಗಳಿಗೆ) ಮಷಿನಿಂಗ್ ಮಾಡಿಕೊಡುವ, ಅಂದರೆ ಅವನ್ನು ಯಂತ್ರದಲ್ಲಿ ಕೊರೆದು ಅಳತೆಗೆ ತರುವ, ಸಣ್ಣ ಘಟಕವೊಂದನ್ನು ನಡೆಸುತ್ತಿರುವ ನನ್ನನ್ನು ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಆರ್ಡರ್ ಇಲ್ಲದ ಕಾಲದಲ್ಲೂ ನಿಮ್ಮ ಹುಡುಗರು ಬಿಟ್ಟುಹೋಗಲಿಲ್ಲವಲ್ಲ, ಅವರನ್ನು ಹೇಗೆ ಹುರಿದುಂಬಿಸಿದಿರಿ?’ ಹುರಿದುಂಬಿಸಲಿಲ್ಲ. ಸಂಬಳ ಕೊಟ್ಟೆ, ವಿಷಯ ಮುಚ್ಚಿಡಲಿಲ್ಲ. ಉತ್ತರ ಇಷ್ಟೇ ಎಂದರೆ ಯಾರೂ ನಂಬುವುದಿಲ್ಲ. ಯಾವುದೋ ಗುಟ್ಟನ್ನು ಬಚ್ಚಿಟ್ಟುಕೊಂಡವನಂತೆ ನನ್ನನ್ನು ನೋಡುತ್ತಾರೆ.

ತೀರ್ಥಹಳ್ಳಿಯ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಪರಿಚಿತ ಉದ್ಯಮಿಯೊಬ್ಬರು, ‘ಖರ್ಚಿಲ್ಲದ ಉಪಾಯ ಏನಾದರೂ ಇದ್ದರೆ ಹೇಳಿ ಮಾರಾಯ್ರೆ’ ಎಂದರು. ಅವರು ಸಂಬಳ ಬಾಕಿ ಉಳಿಸಿಕೊಂಡೇ ಬೆಂಗಳೂರಿನಿಂದ ಭಾಷಣಕಾರರೊಬ್ಬರನ್ನು ಕರೆಸಿ, ಸಕಾರಾತ್ಮಕ ಚಿಂತನೆಯ ಬಗ್ಗೆ ಇಡೀ ದಿನ ಉಪನ್ಯಾಸ ಮಾಡಿಸಿದ್ದರಂತೆ. ಕೆಲಸಗಾರರು ಚಪ್ಪಾಳೆ ತಟ್ಟಿದರು, ಮರುವಾರವೇ ಒಳ್ಳೆಯ ಇಬ್ಬರು ಬಿಟ್ಟುಹೋದರು. ಭಾಷಣಕಾರರಿಗೆ ಮಾತ್ರ ಅದೇ ದಿನ ಹಣ ಸಂದಾಯವಾಗಿತ್ತು. ಇದನ್ನು ನಾನು ಎತ್ತಿ ತೋರಿಸಿದ ಮೇಲೆ ಅವರು ಪಾಯಸ ಮುಗಿಯುವವರೆಗೂ ಮಾತನಾಡಲಿಲ್ಲ.

ಮಂದಗತಿ ಕೆಲಸಗಾರನ ಮನೆಯನ್ನು ಹೇಗೆ ಮುಟ್ಟುತ್ತದೆ ಎಂಬುದು ಇಂಥವರಿಗೆ ತಿಳಿದಿರುವುದಿಲ್ಲ. 2019ರಲ್ಲಿ ವಾಹನ ಮಾರಾಟ ಕುಸಿಯಿತು. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಹೊಸ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬರಲಿದ್ದುದರಿಂದ ಕಂಪನಿಗಳು ಹಳೆಯ ದಾಸ್ತಾನು ಕರಗಿಸುವುದರಲ್ಲೇ ಮುಳುಗಿದ್ದವು. ಅಷ್ಟರಲ್ಲಿ ಲಾಕ್‌ಡೌನ್ ಬಂದಿತು. ಆಗ ಮೊದಲು ಹೋದದ್ದು ಸಂಬಳವಲ್ಲ, ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ದುಡಿಮೆ. ಕಾನೂನಿನ ಪ್ರಕಾರ ಓಟಿಗೆ ದುಪ್ಪಟ್ಟು ದರವಿರುವುದರಿಂದ, ಬೈಕಿನ ಇಎಂಐಯನ್ನೂ ಸ್ವಸಹಾಯ ಸಂಘದ ವಾರದ ಕಂತನ್ನೂ ಜನ ಅದನ್ನೇ ನಂಬಿ ಒಪ್ಪಿಕೊಂಡಿರುತ್ತಾರೆ. ‘ನಾನು ಒಂದು ರೂಪಾಯಿಯನ್ನೂ ಕಡಿತ ಮಾಡಿಲ್ಲ’ ಎಂದು ಮಾಲೀಕ ಎದೆಯುಬ್ಬಿಸಿ ಹೇಳುವ ಹೊತ್ತಿಗೆ ಆ ಮನೆಯ ಲೆಕ್ಕ ಆಗಲೇ ತಪ್ಪಿರುತ್ತದೆ.

ಆದ್ದರಿಂದ ಓಟಿ ನಿಲ್ಲುವುದನ್ನು ನಾನು ಒಂದು ತಿಂಗಳು ಮೊದಲೇ ಹೇಳಿದೆ. ಮನೆಗೆ ಒಯ್ಯುವ ನನ್ನ ಹಣವನ್ನು ಎಲ್ಲರಿಗಿಂತ ಮೊದಲು ನಿಲ್ಲಿಸಿದೆ, ಕೈಯಲ್ಲಿರುವ ಆರ್ಡರ್ ಎಷ್ಟು ಎಂಬುದನ್ನು ಪ್ರತಿ ತಿಂಗಳೂ ಬೋರ್ಡಿನ ಮೇಲೆ ಬರೆಸಿದೆ. ಮುಚ್ಚಿಟ್ಟು ಪ್ರಯೋಜನವೂ ಇರಲಿಲ್ಲ. ನಮ್ಮಲ್ಲಿ ಹಲವರು ಭದ್ರಾವತಿಯವರು. 2015ರಲ್ಲಿ ಕಾಗದ ಕಾರ್ಖಾನೆ ನಿಂತದ್ದನ್ನು ಹತ್ತಿರದಿಂದ ಕಂಡವರು. ಅಂಗಳಕ್ಕೆ ಬಂದಿಳಿಯುವ ಕಾಸ್ಟಿಂಗ್‌ಗಳನ್ನು ಎಣಿಸಲು ಅವರಿಗೆ ನನ್ನ ಸಹಾಯ ಬೇಕಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ತೋಟಕ್ಕೆ ಹೋಗಿ ನಾಲ್ಕು ಕಾಸು ದುಡಿದುಕೊಳ್ಳಲು ಬಯಸಿದವರಿಗೆ ಸಂಬಳವಿಲ್ಲದ ರಜೆ ಕೊಟ್ಟು, ಸೇವಾವಧಿ ಕಡಿಯುವುದಿಲ್ಲ ಎಂದು ಬರೆದುಕೊಟ್ಟೆ. ಉಳಿದವರು ಆ ಬಿಡುವಿನಲ್ಲಿ ತಮ್ಮದಲ್ಲದ ಇನ್ನೊಂದು ಮಷಿನ್ ಕಲಿತರು. ಇದನ್ನು ಔದಾರ್ಯವೆಂದು ಹೊಗಳುವವರೂ ಇದ್ದಾರೆ, ದಯವಿಟ್ಟು ಬೇಡ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೋದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದ) ಆಪರೇಟರ್ ಹಿಂದಿರುಗಿ ಬರುವುದು ಅಪರೂಪ, ಹೊಸಬನು ಕಲಿಯುವಷ್ಟರಲ್ಲಿ ಹಾಳುಮಾಡುವ ಕಾಸ್ಟಿಂಗ್‌ಗಳ ಬೆಲೆ ನನ್ನ ತಲೆಯ ಮೇಲೆಯೇ ಬೀಳುತ್ತದೆ.

ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ‘ಏಳನೇ ತಾರೀಖಿನೊಳಗೆ ಸಂಬಳ ಕೊಡಲು ಹಣ ಎಲ್ಲಿಂದ ತಂದಿರಿ?’ 2020ರ ಮೇ ತಿಂಗಳಲ್ಲಿ ಕೇಂದ್ರವು ಘೋಷಿಸಿದ ತುರ್ತು ಸಾಲ ಖಾತರಿ ಯೋಜನೆಯಲ್ಲಿ, ಬಾಕಿ ಸಾಲದ ಶೇ. 20ರಷ್ಟು ಮೊತ್ತವನ್ನು ಹೆಚ್ಚುವರಿ ಅಡಮಾನವಿಲ್ಲದೆ ಪಡೆಯಬಹುದಾಗಿತ್ತು. ಅದನ್ನು ಪಡೆದೆ, ಬಡ್ಡಿಯನ್ನೂ ಕಟ್ಟಿದೆ. ಆದರೆ ನನಗೆ ಬರಬೇಕಾದ ಬಿಲ್ಲುಗಳು ಸಮಯಕ್ಕೆ ಬಂದಿದ್ದರೆ ಆ ಸಾಲದ ಅರ್ಧವೂ ಬೇಕಾಗುತ್ತಿರಲಿಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಒಪ್ಪಂದ ಏನೇ ಇದ್ದರೂ ಖರೀದಿದಾರರು 45 ದಿನ ಮೀರದಂತೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಬೇಕು. ಆ ಬಡ್ಡಿಯನ್ನು ಬಾಯಿಬಿಟ್ಟು ಕೇಳಿ, ಮರು ಆರ್ಡರನ್ನೂ ಪಡೆದ ಜಾಬ್ ವರ್ಕಿನವನನ್ನು (ನನ್ನಂತೆ ಬೇರೆ ಕಂಪನಿಗಳಿಗೆ ಕೆಲಸ ಮಾಡಿಕೊಡುವವನನ್ನು) ನಾನಂತೂ ಕಂಡಿಲ್ಲ. 2023ರ ಹಣಕಾಸು ಕಾಯ್ದೆ ಬಂದ ಮೇಲೆ, ಖರೀದಿದಾರರು ಸಣ್ಣ ಘಟಕಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಕೊಡುವವರೆಗೂ ತೆರಿಗೆ ಲೆಕ್ಕದಲ್ಲಿ ವೆಚ್ಚವೆಂದು ತೋರಿಸುವಂತಿಲ್ಲ. ಹೀಗಾಗಿ ಈಗ ಮಾರ್ಚ್ ತಿಂಗಳಲ್ಲಾದರೂ ‘ನಿಮ್ಮ ಬಾಕಿ ಎಷ್ಟಿದೆ ಸಾರ್’ ಎಂಬ ಫೋನು ಅವರ ಕಡೆಯಿಂದಲೇ ಬರುತ್ತದೆ.