ಒಂದೆಲೆಯನ್ನೂ ತರಬಾರದ ಕಾಡು

ಕೀನ್ಯಾದ ಕರಾವಳಿ ಎಂದರೆ ಹೆಚ್ಚಿನವರಿಗೆ ಡಯಾನಿ ಬೀಚು, ಮೊಂಬಾಸಾದ ಫೋರ್ಟ್ ಜೀಸಸ್ ಕೋಟೆ, ಅಷ್ಟೇ. ಬೀಚಿನ ಹೋಟೆಲುಗಳ ಸಾಲು ಮುಗಿದ ಮೇಲೆ ದಕ್ಷಿಣಕ್ಕೆ ಇನ್ನೂ ಸ್ವಲ್ಪ ಹೋದರೆ ಸಮುದ್ರದ ಪಕ್ಕದಲ್ಲೇ ಒಂದು ಕಾಡಿದೆ. ಹೆಸರು ಕಾಯಾ ಕಿನೊಂಡೊ. ಇರುವುದು ಸುಮಾರು 30 ಹೆಕ್ಟೇರ್ ಮಾತ್ರ. ನಾವು ಅಷ್ಟು ದೂರ ಹೋಗಿದ್ದು ಇದನ್ನು ನೋಡೋಕೆ.

ಮೊಂಬಾಸಾ ದ್ವೀಪದಿಂದ ಲಿಕೋನಿ ಫೆರಿ ಹತ್ತಬೇಕು. ನಡೆದು ಹೋಗುವವರಿಗೆ ದುಡ್ಡಿಲ್ಲ. ಹಾಗಾಗಿ ಸೈಕಲ್ಲು, ಕೈಗಾಡಿ, ತರಕಾರಿ ಬುಟ್ಟಿ ಎಲ್ಲದರ ಜೊತೆ ನಾವೂ ನುಗ್ಗಿದೆವು. ಆ ಕಡೆಯಿಂದ ಉಕುಂಡಾವರೆಗೆ ಮಟಾಟು ಎನ್ನುವ ವ್ಯಾನು, ಆಮೇಲೆ ನಮ್ಮೂರಿನಂಥದೇ ಆಟೊ. ಅಲ್ಲಿ ಅದಕ್ಕೆ ಟುಕ್‌ಟುಕ್ ಅಂತಾರೆ.

ಈ ತೀರದಲ್ಲಿ ಗಿರಿಯಾಮ, ಡಿಗೊ, ಡುರುಮ, ರಬಾಯ್, ರಿಬೆ, ಕಂಬೆ, ಜಿಬಾನ, ಚೊನಿ, ಕೌಮ ಎಂಬ ಒಂಬತ್ತು ಜನಾಂಗಗಳಿವೆ. ಎಲ್ಲರೂ ಸೇರಿ ಮಿಜಿಕೆಂಡ. ಹಿಂದೆ ಉತ್ತರದ ಸಿಂಗ್ವಾಯ ಎಂಬಲ್ಲಿಂದ ಓಡಿ ಬಂದೆವು ಎನ್ನುವುದು ಹಿರಿಯರು ಹೇಳುವ ಕಥೆ. ಬಂದವರು ಕಾಡಿನ ನಡುವೆ ಬೇಲಿ ಕಟ್ಟಿ ಊರು ಮಾಡಿಕೊಂಡರು. ಆ ಊರೇ ಕಾಯಾ. ಭಯ ಕಡಿಮೆಯಾದ ಮೇಲೆ ಹೊಲ ಮಾಡಲು ಹೊರಗೆ ಹೋದರು. ಗುಡಿಸಲುಗಳು ಮಣ್ಣಾದವು, ಗೋರಿಗಳೂ ಕಾಡೂ ಉಳಿದವು. ಊರಿನ ರಕ್ಷಣೆಗೆಂದು ಹೂತಿಟ್ಟ ಫಿಂಗೊ ಎಂಬ ತಾಯಿತ ಅಲ್ಲೇ ಇದೆ ಎಂದು ಜನ ನಂಬುತ್ತಾರೆ. ಸುಮಾರು 200 ಕಿಲೋಮೀಟರ್ ಉದ್ದಕ್ಕೆ ಚದುರಿರುವ ಇಂಥ ಕಾಡುಗಳನ್ನು 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮರುವರ್ಷವೇ ಅಲ್ಲಿನ ಆಚರಣೆಗಳನ್ನು ಇನ್ನೊಂದು ಪಟ್ಟಿಗೆ ಹಾಕಿತು: ತುರ್ತಾಗಿ ಕಾಪಾಡಬೇಕಾದವುಗಳ ಪಟ್ಟಿ. ಮರಗಳಿಗಿಂತ ನಂಬಿಕೆಯೇ ಬೇಗ ಕಳೆದುಹೋಗಬಹುದು ಅಂತ ಅವರಿಗೂ ಅನ್ನಿಸಿರಬೇಕು.

ಒಳಗೆ ಹೋಗುವ ಮೊದಲು ಸೊಂಟಕ್ಕೆ ಕಪ್ಪು ಬಟ್ಟೆ ಸುತ್ತಿಕೊಳ್ಳಬೇಕು. ಟೋಪಿ ತೆಗೆಯಬೇಕು. ಗಂಡ ಹೆಂಡತಿಯಾದರೂ ಮುತ್ತು ಕೊಡುವಂತಿಲ್ಲ. ಎಲೆ, ಕಲ್ಲು, ಒಣಕಡ್ಡಿ, ಏನನ್ನೂ ಹೊರಗೆ ತರುವಂತಿಲ್ಲ. ನಮ್ಮ ಜೊತೆ ಬಂದ ಡಿಗೊ ಹುಡುಗ ಇದನ್ನೆಲ್ಲ ನಗುತ್ತಲೇ ಹೇಳಿದ. ಆದರೆ ನನ್ನ ಗೆಳತಿ ಬಿದ್ದಿದ್ದ ಒಂದು ಬೀಜ ಎತ್ತಿಕೊಂಡಾಗ ನಗು ನಿಂತಿತು. "ಮಾಮಾ, ಅದು ಇಲ್ಲಿಯದು" ಎಂದ. ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆ. ಅವಳು ಸುಮ್ನೆ ಕೆಳಗಿಟ್ಟಳು. ಕೊಡಗಿನ ದೇವರಕಾಡು ನೋಡಿದವರಿಗೆ ಇದು ಹೊಸದಲ್ಲ, ಅಲ್ವಾ?

ನೆಲ ಪೂರ್ತಿ ಹಳೇ ಹವಳದ ಬಂಡೆ. ಅದರ ಸಂದಿಗಳಲ್ಲಿ ಬೇರು ಇಳಿಸಿ ದೊಡ್ಡ ಮರಗಳು ನಿಂತಿವೆ. ಮೇಲೆ ಕಪ್ಪು ಬಿಳಿ ಕೊಲೊಬಸ್ ಕೋತಿಗಳು. ಒಂದು ಮರವನ್ನು ತಬ್ಬಿಕೊಂಡು ಮನಸ್ಸಿನ ಭಾರ ಹೇಳಿಕೊಳ್ಳಿ ಎಂದ ಹುಡುಗ. ಇದು ಪ್ರವಾಸಿಗರಿಗಾಗಿ ಸೇರಿಸಿದ್ದು ಅಂತ ನನಗೆ ಅನುಮಾನ. ಆದರೂ ತಬ್ಬಿಕೊಂಡೆ. ಡಿಗೊ ಜನರಲ್ಲಿ ಹೆಚ್ಚಿನವರು ಮುಸ್ಲಿಮರು. ಮಸೀದಿಗೆ ಹೋಗುವವರೇ ಮಳೆಗಾಗಿ ಬೇಡಲು ಕಾಯಾಕ್ಕೂ ಬರುತ್ತಾರೆ ಎಂದು ಅವನೇ ಹೇಳಿದ. ಅದರಲ್ಲಿ ಅವನಿಗೆ ಯಾವ ಗೊಂದಲವೂ ಕಾಣಲಿಲ್ಲ.

ಪವಿತ್ರ ಜಾಗಕ್ಕೆ ಟಿಕೆಟ್ ಇಡುವುದು ಸರಿಯೇ ಎಂದು ಕೇಳುವವರಿದ್ದಾರೆ. ನನ್ನ ಪ್ರಕಾರ ಸರಿ. ಆ ದುಡ್ಡಿನಿಂದ ಹಳ್ಳಿಗೆ ಒಂದಿಷ್ಟು ಆದಾಯ ಬರುತ್ತದೆ. ಹತ್ತಿರದ ಚಾಲೆ ದ್ವೀಪದಲ್ಲೂ ಕಾಯಾ ಇದೆ. ಅದೇ ದ್ವೀಪದಲ್ಲಿ ಈಗ ರೆಸಾರ್ಟೂ ಇದೆ. ಸಮುದ್ರದಂಚಿನ ನೆಲಕ್ಕೆ ಎಂಥ ಬೆಲೆ ಇರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಉತ್ತರಕ್ಕೆ, ಕಿಲಿಫಿ ಕಡೆಗೆ. ಇದು ಗಿರಿಯಾಮರ ಸೀಮೆ. ಒಂದು ಮನೆಯಂಗಳದಲ್ಲಿ ಮೊದಲ ಸಲ ವಿಗಾಂಗೊ ನೋಡಿದೆ. ಮರದ ಕಂಬಗಳು. ಮೇಲೆ ದುಂಡನೆಯ ತಲೆ, ಮೈಮೇಲೆ ಸಾಲುಸಾಲು ತ್ರಿಕೋನಗಳ ಕೆತ್ತನೆ. ಗೊಹು ಎಂಬ ಹಿರಿಯರ ಕೂಟಕ್ಕೆ ಸೇರಿದವರು ಸತ್ತ ಮೇಲೆ ಅವರ ಹೆಸರಿನಲ್ಲಿ ನೆಡುತ್ತಾರೆ. ಒಮ್ಮೆ ನೆಟ್ಟರೆ ಅಲುಗಿಸುವಂತಿಲ್ಲ. ಮನೆಯವರೇ ಬೇರೆ ಕಡೆ ಹೋದರೂ ಕಂಬ ಅಲ್ಲೇ ನಿಂತು ಗೆದ್ದಲು ತಿಂದು ಮಣ್ಣಾಗಬೇಕು. ಕಳ್ಳರಿಗೆ ಅನುಕೂಲವಾಗಿದ್ದೂ ಇದೇ. ಖಾಲಿ ಅಂಗಳಗಳಿಂದ ಕಿತ್ತ ನೂರಾರು ಕಂಬಗಳು "ಆಫ್ರಿಕನ್ ಕಲೆ"ಯಾಗಿ ಅಮೆರಿಕದ ಶ್ರೀಮಂತರ ಹಜಾರ ಸೇರಿದವು, ಅಲ್ಲಿಂದ ಮ್ಯೂಸಿಯಮ್ಮುಗಳಿಗೆ ಹೋದವು. 1985ರಲ್ಲಿ ಒಂದೇ ಮನೆಯಿಂದ ಕದ್ದ ಎರಡು ಕಂಬಗಳ ಜಾಡು ಹಿಡಿದವರು ಮಾನವಶಾಸ್ತ್ರಜ್ಞೆ ಮೋನಿಕಾ ಉಡ್ವಾರ್ಡಿ. ಕಳುವಾಗುವ ಮೊದಲು ಆಕೆ ಅವುಗಳ ಫೋಟೊ ತೆಗೆದಿಟ್ಟಿದ್ದರಲ್ಲ! ಒಂದು ಇಲಿನಾಯ್ ರಾಜ್ಯದ ಮ್ಯೂಸಿಯಮ್ಮಿನಲ್ಲಿ, ಇನ್ನೊಂದು ಹ್ಯಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. 2007ರ ಹೊತ್ತಿಗೆ ಎರಡೂ ಕೀನ್ಯಾಕ್ಕೆ ಮರಳಿದ್ದವು. ಡೆನ್ವರ್ ಮ್ಯೂಸಿಯಂ 30 ಕಂಬಗಳನ್ನು ಬಿಟ್ಟುಕೊಟ್ಟಿದ್ದು 2014ರಲ್ಲಿ, ಅವು ಕೀನ್ಯಾ ತಲುಪಿದ್ದು 2019ರಲ್ಲಿ. ವಾಪಸ್ ಬಂದ ಕಂಬಗಳಲ್ಲಿ ಎಷ್ಟೋ ಯಾವ ಮನೆಯವು ಅಂತಲೇ ತಿಳಿಯದೆ ಉಗ್ರಾಣದಲ್ಲಿ ಉಳಿಯುತ್ತವೆ. ನಾನು ನೋಡಿದ ಅಂಗಳದಲ್ಲಿ ಕಂಬಗಳ ಸುತ್ತ ಕಬ್ಬಿಣದ ಜಾಲರಿ ಹಾಕಿದ್ದರು. ಅಜ್ಜಂದಿರನ್ನು ಕಟಕಟೆಯಲ್ಲಿ ನಿಲ್ಲಿಸಿದಂತಿತ್ತು.

ಇದೇ ಕಿಲಿಫಿಯಲ್ಲಿ ಇನ್ನೊಂದು ಕೆಟ್ಟ ಸಂಗತಿಯಿದೆ. ಮಾಟ ಮಾಡುತ್ತಾರೆಂದು ಆರೋಪ ಹೊರಿಸಿ ವಯಸ್ಸಾದವರನ್ನು ಕೊಲ್ಲುತ್ತಾರೆ. ಆ ಆರೋಪದ ಹಿಂದೆ ಎಷ್ಟೋ ಸಲ ಜಮೀನಿನ ಜಗಳ ಇರುತ್ತದೆ. ಓಡಿ ಬಂದವರಿಗೆ ಕಾಯಾ ಗೊಡೊಮಾದಲ್ಲಿ ಆಸರೆ ಕೊಟ್ಟಿದ್ದಾರೆ. ಸಂಪ್ರದಾಯ ಗೊತ್ತಿರುವವರೇ ತಮ್ಮ ಬಿಳಿ ಕೂದಲಿಗೆ ಹೆದರಿ ಬದುಕುವ ಊರಿನಲ್ಲಿ ಸಂಸ್ಕೃತಿ ಉಳಿಸುವ ಭಾಷಣ ಕೇಳುವುದು ಕಷ್ಟ.

ಮಾಲಿಂದಿಯಲ್ಲಿ ಮಾತ್ರ ಹಬ್ಬದ ಗದ್ದಲ. ಮೆಕಾಟಿಲಿಲಿ ವಾ ಮೆಂಜಾ ಎಂಬ ಹೆಂಗಸಿನ ನೆನಪಿಗೆ ಆಗಸ್ಟಿನಲ್ಲಿ ಜನ ಸೇರುತ್ತಾರೆ. 1913ರಲ್ಲಿ ಬ್ರಿಟಿಷರು ಗುಡಿಸಲು ತೆರಿಗೆ, ಕೂಲಿಯಾಳು ಎಂದು ಪೀಡಿಸಿದಾಗ ಈಕೆ ಕಿಫುಡು ಕುಣಿಯುತ್ತ ಊರೂರು ತಿರುಗಿ ಜನರನ್ನು ಎಬ್ಬಿಸಿದಳು. ಒಂದು ಸಭೆಗೆ ಮರಿಗಳ ಜೊತೆ ಹೇಂಟೆ ತಂದು, ಮರಿ ಎತ್ತಿಕೋ ನೋಡೋಣ ಎಂದು ಬ್ರಿಟಿಷ್ ಅಧಿಕಾರಿಗೆ ಸವಾಲು ಹಾಕಿದಳಂತೆ. ಹೇಂಟೆ ಕುಕ್ಕಿತು. ನಮ್ಮ ಮಕ್ಕಳನ್ನು ಕೊಡಿ ಎಂದು ಕೇಳಿದರೆ ಹೀಗೇ ಆಗುತ್ತದೆ ಎಂದಳಂತೆ. ಈಕೆಯನ್ನು ಹಿಡಿದು ದೂರದ ಕಿಸಿ ಎಂಬ ಊರಿಗೆ ಗಡೀಪಾರು ಮಾಡಿದರು. ತಪ್ಪಿಸಿಕೊಂಡು ನಡೆದೇ ಬಂದಳು. 1914ರಲ್ಲಿ ಬ್ರಿಟಿಷರು ಗಿರಿಯಾಮರ ಮುಖ್ಯ ಕಾಯಾ ಫುಂಗೊವನ್ನು ಡೈನಮೈಟ್ ಇಟ್ಟು ಸಿಡಿಸಿದರು.

ಕುಣಿತಕ್ಕೆ ಬಂದ ಹೆಂಗಸರು ಹಾಂಡೊ ಉಟ್ಟಿದ್ದರು. ಪದರ ಪದರವಾಗಿ ನೆರಿಗೆ ಹಿಡಿದ ಗಿಡ್ಡ ಲಂಗ ಅದು. ಒಳಗೆ ಬೀಜ ತುಂಬಿದ ಕಾಯಾಂಬಾ ಎಂಬ ವಾದ್ಯ ಅಲುಗಾಡಿಸಿದರೆ ಸೊಂಟ ತಾನಾಗಿ ತಿರುಗುತ್ತದೆ. ಭಾಷಣಗಳು ಜಾಸ್ತಿಯೇ ಇದ್ದವು. ಆದರೆ ಮೈಕು ಕೆಟ್ಟಾಗ ಅಜ್ಜಿಯರು ಕಾಯಲಿಲ್ಲ, ಶುರು ಮಾಡೇಬಿಟ್ಟರು. ಮೊಬೈಲ್ ಹಿಡಿದಿದ್ದ ಹುಡುಗಿಯರು ಪಕ್ಕದಲ್ಲಿ ನಿಂತು ಹೆಜ್ಜೆ ಕಲಿಯುತ್ತಿದ್ದರು.

ಹೋಗುವವರು ಏಪ್ರಿಲ್, ಮೇ ತಿಂಗಳ ಜೋರು ಮಳೆ ತಪ್ಪಿಸಿ. ಬೆಳಗ್ಗೆ ಮಹಮ್ರಿ ಎಂಬ ಕರಿದ ಸಿಹಿ ಬನ್ನಿನ ಜೊತೆ ತೆಂಗಿನಹಾಲಿನಲ್ಲಿ ಬೇಯಿಸಿದ ತೊಗರಿಕಾಳು ತಿನ್ನಿ. ಮ್ನಾಜಿ ಎಂಬ ತೆಂಗಿನ ಕಳ್ಳನ್ನು ಸೋರೆಬುರುಡೆಯಲ್ಲಿ, ಹೀರುವ ಕೊಳವೆ ಹಾಕಿ ಕೊಡುತ್ತಾರೆ. ನೆರಳು ನೋಡಿಕೊಂಡು ಕೂತು ಕುಡಿಯಿರಿ, ಏಳುವಾಗ ಯಾರಾದರೂ ಪಕ್ಕದಲ್ಲಿರಲಿ.